ಚತುರ್ ಯಾಕೆ ಉರು ಹೊಡೆದ?

1/9

ಈ ಸಲದ ಸೀರೀಸ್ ಉದ್ದ ಇದೆ, ಒಟ್ಟು 9 ಪೋಸ್ಟ್. ಬಸ್ಸಲ್ಲಿ ಕೂತು ಓದಿ. ಕ್ಲಾಸಲ್ಲಿ ಓದಿ ಸಿಕ್ಕಾಕ್ಕೊಂಡ್ರೆ ನಾನು ಜವಾಬ್ದಾರಿ ಅಲ್ಲ.

ಹೋದ ಶನಿವಾರ ಇಂಟರ್ನಲ್ಸ್ ಮುಗೀತು. ಪಿಜಿಲಿ ಕರೆಂಟೂ ಇತ್ತು, ವೈಫೈಯೂ ಇತ್ತು. ಈ ಮೂರೂ ಒಟ್ಟಿಗೆ ಆಗೋದು ವರ್ಷಕ್ಕೆ ಒಂದೋ ಎರಡೋ ಸಲ. ರೂಮಿನ ನಾಲ್ಕೂ ಜನ ಒಂದು ಪೊಟ್ಟಣ ಖಾರ ಮಂಡಕ್ಕಿ ಇಟ್ಕೊಂಡು ಒಂದೇ ಲ್ಯಾಪ್‌ಟಾಪ್ ಮುಂದೆ ಕೂತ್ವಿ. ಏನ್ ನೋಡೋದು ಅಂತ ಅರ್ಧ ಗಂಟೆ ಜಗಳ. ಒಬ್ಳಿಗೆ ಹಾರರ್ ಬೇಕು, ಒಬ್ಳಿಗೆ ಕೊರಿಯನ್ ಬೇಕು. ಕೊನೆಗೆ ಎಲ್ರೂ ಒಪ್ಪಿದ್ದು 'ತ್ರೀ ಈಡಿಯಟ್ಸ್'. ಯಾಕಂದ್ರೆ ನಾಲ್ಕೂ ಜನ ಚಿಕ್ಕೋರಿದ್ದಾಗ ಅದನ್ನ ನೋಡಿದ್ವಿ, ನಾಲ್ಕೂ ಜನಕ್ಕೆ ಇಷ್ಟ, ಯಾರಿಗೂ ಕಥೆ ಹೇಳ್ತಾ ಕೂರಬೇಕಾಗಿಲ್ಲ.

ನಗ್ಬೇಕು ಅಂತ ಹಾಕಿದ ಸಿನಿಮಾ. ನಕ್ಕಿದ್ದೂ ಹೌದು. ಆದ್ರೆ ಒಂದು ಸೀನ್ ಬಂದಾಗ ನಮ್ಮ ರೂಮಲ್ಲಿ ಮಂಡಕ್ಕಿ ಅಗಿಯೋ ಸದ್ದೂ ನಿಂತೋಯ್ತು. ಚಿಕ್ಕೋಳಿದ್ದಾಗ ಅದೇ ಸೀನಿಗೆ ನಾನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ. ಈ ಸಲ ಆಗ್ಲಿಲ್ಲ. ಯಾಕೆ ಆಗ್ಲಿಲ್ಲ ಅಂತ ಒಂದು ವಾರದಿಂದ ತಲೇಲಿ ಓಡ್ತಾ ಇದೆ. ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ಇದು ಸಿನಿಮಾನ ಬೈಯೋ ಪೋಸ್ಟ್ ಅಲ್ಲ. ಇವತ್ತಿಗೂ ನನ್ನ ಫೇವರಿಟ್ ಕಾಮಿಡಿ ಕೇಳಿದ್ರೆ ಅದೇ ಹೆಸರು ಹೇಳ್ತೀನಿ. ಇಲ್ಲಿ ಯಾರಿಗಾದ್ರೂ ಬೈಗುಳ ಬೀಳೋದಿದ್ರೆ ಅದು ನಂಗೇ.

2/9

ಸಿನಿಮಾ ರಿಲೀಸ್ ಆಗಿದ್ದು 2009ರ ಡಿಸೆಂಬರ್ 25ಕ್ಕೆ. ಆಗ ನಂಗೆ ನಾಲ್ಕು ವರ್ಷ. ನಾನು ನೋಡಿದ್ದು ಆಮೇಲೆ, ಐದನೇ ಕ್ಲಾಸ್ ಬೇಸಿಗೆ ರಜದಲ್ಲಿ, ಟಿವಿಲಿ.

ನಮ್ಮೂರು ಶಿರಾ ಕಡೆ. ಮಧ್ಯಾಹ್ನ ಹೊರಗೆ ಕಾಲಿಡೋಕಾಗದಷ್ಟು ಬಿಸಿಲು. ಮನೇಲಿ ಎಲ್ರೂ ನೆಲದ ಮೇಲೆ ಮಲ್ಕೊಂಡೇ ಟಿವಿ ನೋಡೋದು. ಹತ್ರ ಹತ್ರ ಮೂರು ಗಂಟೆಯ ಸಿನಿಮಾ, ಅಡ್ವರ್ಟೈಸ್‌ಮೆಂಟ್ ಸೇರಿ ಸಂಜೆ ತನಕ ನಡೀತು. ಹಿಂದಿ ಸಿನಿಮಾ ಆಗ ಕನ್ನಡಕ್ಕೆ ಡಬ್ ಆಗಿ ಬರ್ತಿರ್ಲಿಲ್ಲ. ನಮ್ಮನೇಲಿ ಹಿಂದಿ ಬರ್ತಿದ್ದಿದ್ದು ಮಾಮಂಗೆ ಒಬ್ಬಂಗೆ. ಪುಣೆ ಕಡೆ ಎರಡು ವರ್ಷ ಲಾರಿ ಓಡಿಸಿದ್ದ. ಅವನೇ ನಮ್ಮ ಸಬ್‌ಟೈಟಲ್.

ತೊಂದ್ರೆ ಏನಂದ್ರೆ ಮಾಮ ಮೊದ್ಲು ತಾನು ನಕ್ಕು ಮುಗಿಸಿ ಆಮೇಲೆ ನಮಗೆ ಅರ್ಥ ಹೇಳೋನು. ಅಷ್ಟ್ರಲ್ಲಿ ಮುಂದಿನ ಸೀನ್ ಬಂದಿರೋದು. ಕಾಯೋಕೆ ಯಾರಿಗೆ ತಾಳ್ಮೆ ಇದೆ? ಅದಕ್ಕೆ ನಾವು ಮಕ್ಕಳು ಒಂದು ಉಪಾಯ ಮಾಡ್ಕೊಂಡ್ವಿ. ಮಾಮ ನಕ್ಕ ತಕ್ಷಣ ನಾವೂ ನಗೋದು. ಅರ್ಥ ಆಮೇಲೆ ನೋಡ್ಕೊಂಡ್ರಾಯ್ತು.

ಹಂಗೇ ಆ ಸಿನಿಮಾ ನಮ್ಮದಾಯ್ತು. ಎದೆ ಮೇಲೆ ಕೈ ಇಟ್ಕೊಂಡು ಮನಸ್ಸನ್ನ ಸಮಾಧಾನ ಮಾಡೋ ರಾಂಚೋ ಟ್ರಿಕ್ಕನ್ನ ನಾನು ಏಳನೇ ಕ್ಲಾಸಿನ ಗಣಿತ ಪರೀಕ್ಷೆಗೆ ಮುಂಚೆ ಮಾಡಿದ್ದೆ. ಗಣಿತದಲ್ಲಿ 35 ಬಂತು. ರಾಂಚೋ ಮೇಲೆ ಕೋಪ ಬರ್ಲಿಲ್ಲ. ನಮ್ಮ ಓಣೀಲಿ ಜಾಸ್ತಿ ಮಾರ್ಕ್ಸ್ ತೆಗೆಯೋ ಹುಡುಗನಿಗೆ ನಾವೆಲ್ಲ ಸೇರಿ 'ಚತುರ್' ಅಂತ ಹೆಸರಿಟ್ಟಿದ್ವಿ. ಅವನು ಅಳ್ತಿದ್ದ. ನಮಗೆ ಅದೂ ಕಾಮಿಡಿನೇ.

3/9

ಸರಿ, ಈಗ 20ರ ವಯಸ್ಸಲ್ಲಿ ನೋಡಿದಾಗ ಏನು ಹಂಗೇ ಉಳಿದಿದೆ?

ತುಂಬಾನೇ ಉಳಿದಿದೆ. ನಿರ್ದೇಶಕ ರಾಜ್‌ಕುಮಾರ್ ಹಿರಾನಿ ಒಂದು ಸೀನಲ್ಲಿ ನಗಿಸಿ ಮುಂದಿನ ಸೀನಲ್ಲಿ ಗಂಟಲು ಕಟ್ಟಿಸ್ತಾರೆ. ಬೊಮನ್ ಇರಾನಿ ಮಾಡಿರೋ ಡೈರೆಕ್ಟರ್ 'ವೈರಸ್' ನಮ್ಮೆಲ್ಲರ ಕಾಲೇಜಲ್ಲೂ ಒಬ್ರು ಇದ್ದೇ ಇರ್ತಾರೆ. ಪ್ರವಾಹದ ರಾತ್ರಿ ವ್ಯಾಕ್ಯೂಮ್ ಕ್ಲೀನರ್ ಇಟ್ಕೊಂಡು ಹೆರಿಗೆ ಮಾಡ್ಸೋ ಸೀನ್ ನಂಬೋಕಾಗಲ್ಲ ಅಂತ ಗೊತ್ತಿದ್ರೂ ನಾವು ನಾಲ್ಕೂ ಜನ ಉಸಿರು ಬಿಗಿ ಹಿಡ್ಕೊಂಡು ನೋಡಿದ್ವಿ. ಕಾಲೇಜು ಹುಡುಗನಾಗಿ ಓಡಾಡೋ ಆಮೀರ್ ಖಾನ್‌ಗೆ ಸಿನಿಮಾ ರಿಲೀಸ್ ಆದಾಗ 44 ವರ್ಷ. ಇದು ಗೊತ್ತಾದ್ಮೇಲೆ ನಮ್ಮ ರೂಮಲ್ಲಿ ಸ್ಕಿನ್‌ಕೇರ್ ಬಗ್ಗೆ ಹತ್ತು ನಿಮಿಷ ಚರ್ಚೆ ಆಯ್ತು.

ಇನ್ನೊಂದು ವಿಷ್ಯ. ಸಿನಿಮಾದಲ್ಲಿ ಅದು ದೆಹಲಿಯ ದೊಡ್ಡ ಇಂಜಿನಿಯರಿಂಗ್ ಕಾಲೇಜು. ಶೂಟಿಂಗ್ ಆಗಿದ್ದು ನಮ್ಮ ಬೆಂಗಳೂರಿನ ಐಐಎಂನಲ್ಲಿ. ಬಿ.ವಿ. ದೋಶಿ ಡಿಸೈನ್ ಮಾಡಿರೋ ಆ ಕಲ್ಲು ಗೋಡೆ, ಬಳ್ಳಿ ಬಿಟ್ಟಿರೋ ಉದ್ದನೆ ಕಾರಿಡಾರ್ ಎಲ್ಲ ಇಲ್ಲೀದೇ. ಹೋದ ವರ್ಷ ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋದಾಗ ನಮ್ಮ ಬಸ್ ಬನ್ನೇರುಘಟ್ಟ ರಸ್ತೇಲಿ ಅದರ ಮುಂದೇನೇ ಹಾದುಹೋಯ್ತು. ಅರ್ಧ ಬಸ್ಸು "ಕ್ಯಾಟ್ ಬರೀಬೇಕು ಕಣೋ" ಅಂತು, ಇನ್ನರ್ಧ ಬಸ್ಸು "ರಾಂಚೋ ಕಾಲೇಜ್!" ಅಂತ ಕೂಗ್ತು. ನಾನು ಎರಡೂ ಮಾಡ್ದೆ.

ಎಲ್ಲಕ್ಕಿಂತ ಇಷ್ಟ ಆಗಿದ್ದು ಮಷೀನ್ ಸೀನ್. ಮಷೀನ್ ಅಂದ್ರೆ ಏನು ಅಂತ ಮೇಷ್ಟ್ರು ಕೇಳ್ತಾರೆ. ರಾಂಚೋ ಮನುಷ್ಯನ ಕೆಲ್ಸ ಹಗುರ ಮಾಡೋದೆಲ್ಲ ಮಷೀನೇ ಅಂತ ಫ್ಯಾನು, ಫೋನು, ಪ್ಯಾಂಟಿನ ಜಿಪ್ ತನಕ ಉದಾಹರಣೆ ಕೊಡ್ತಾನೆ. ಬೈಸ್ಕೋತಾನೆ. ಚತುರ್ ಎದ್ದು ಪುಸ್ತಕದ ಡೆಫಿನಿಷನ್ನನ್ನ ಉಸಿರು ತಗೊಳ್ದೆ ಒಪ್ಪಿಸ್ತಾನೆ. ಶಭಾಷ್ ಅನ್ನಿಸ್ಕೋತಾನೆ.

ಈ ಸೀನನ್ನ ನೆನಪಲ್ಲಿಟ್ಕೊಳಿ. ಎಂಟನೇ ಪೋಸ್ಟಲ್ಲಿ ಮತ್ತೆ ಬರುತ್ತೆ.

4/9

ಈಗ ಆ ಸೀನ್.

ಚತುರ್ ರಾಮಲಿಂಗಂ. ಹುಟ್ಟಿದ್ದು ಉಗಾಂಡ, ಓದಿದ್ದು ಪಾಂಡಿಚೇರಿ. ಹಿಂದಿ ಸರಿಯಾಗಿ ಬರಲ್ಲ. ಆ ಪಾತ್ರ ಮಾಡಿದ ಓಮಿ ವೈದ್ಯ ನಿಜವಾಗ್ಲೂ ಕ್ಯಾಲಿಫೋರ್ನಿಯಾದಲ್ಲಿ ಬೆಳೆದೋರು. ಕಾಲೇಜಿಗೆ ಮಂತ್ರಿ ಬರ್ತಾರೆ, ಚತುರ್ ಸ್ವಾಗತ ಭಾಷಣ ಮಾಡ್ಬೇಕು. ಲೈಬ್ರರಿಯ ದುಬೇಜಿ ಹತ್ರ ಭಾರಿ ಹಿಂದೀಲಿ ಭಾಷಣ ಬರೆಸಿಕೊಳ್ತಾನೆ, ಒಂದಕ್ಷರ ಅರ್ಥ ಆಗ್ದೆ ಪೂರ್ತಿ ಉರು ಹೊಡೀತಾನೆ. ಮಧ್ಯದಲ್ಲಿ ರಾಂಚೋ ಆ ಪ್ರತೀಲಿ ಪದಗಳನ್ನ ಬದಲಾಯಿಸ್ತಾನೆ. 'ಚಮತ್ಕಾರ' ಇದ್ದ ಕಡೆ ಎಲ್ಲ 'ಬಲಾತ್ಕಾರ', 'ಧನ' ಇದ್ದ ಕಡೆ 'ಸ್ತನ'. ಚತುರ್ ಸ್ಟೇಜ್ ಮೇಲೆ ನಿಂತು ಪೂರ್ತಿ ಕಾನ್ಫಿಡೆನ್ಸಲ್ಲಿ ಅದನ್ನ ಹೇಳ್ತಾನೆ. ಹಾಲ್ ಪೂರ್ತಿ ಬಿದ್ದು ಬಿದ್ದು ನಗುತ್ತೆ. ಅವನು ಚಪ್ಪಾಳೆ ಅಂದ್ಕೊಂಡು ಇನ್ನೂ ಜೋರಾಗಿ ಹೇಳ್ತಾನೆ.

ಐದನೇ ಕ್ಲಾಸಲ್ಲಿ ನಂಗೆ ಇಡೀ ಸಿನಿಮಾದಲ್ಲಿ ಮಾಮನ ಸಹಾಯ ಇಲ್ದೆ ಅರ್ಥ ಆದ ಪದಗಳು ಇವೇ. ಯಾಕಂದ್ರೆ ಕನ್ನಡದಲ್ಲೂ ಇವೆ. ಆದ್ರೆ ಕನ್ನಡದಲ್ಲಿ ಬಲಾತ್ಕಾರ ಅಂದ್ರೆ ಮೊದ್ಲು ಬರೋ ಅರ್ಥ ಬಲವಂತ. ಬಲಾತ್ಕಾರವಾಗಿ ಊಟ ಮಾಡ್ಸಿದ್ರು ಅಂತೀವಲ್ಲ, ಹಂಗೆ. ಹಿಂದೀಲಿ ಅದಕ್ಕೆ ನಮ್ಮ ನ್ಯೂಸಲ್ಲಿ ಬರೋ 'ಅತ್ಯಾಚಾರ' ಅನ್ನೋ ಅರ್ಥ. ತಮಾಷೆ ನೋಡಿ, ಹಿಂದೀಲಿ ಅತ್ಯಾಚಾರ ಅಂದ್ರೆ ಬರೀ ದಬ್ಬಾಳಿಕೆ, ಹಿಂಸೆ. ಎರಡು ಭಾಷೆ ಎರಡು ಪದಾನ ಅದಲು ಬದಲು ಮಾಡ್ಕೊಂಡಿವೆ.

ಸೋ ನಾನು ಬಲವಂತ ಅಂದ್ಕೊಂಡು ನಕ್ಕಿದ್ದೆ. ಮಾಮಂಗೆ ಅರ್ಥ ಗೊತ್ತಿತ್ತು, ಅವನು ನಗ್ತಿದ್ದ. ಅಮ್ಮ ಅರ್ಥ ಕೇಳಿದ್ಲು. ಮಾಮ ಹೇಳ್ಲಿಲ್ಲ, "ಏನೋ ಬಿಡಕ್ಕ" ಅಂದ. ಹತ್ತು ವರ್ಷ ಆದ್ಮೇಲೆ ಈಗ ಅರ್ಥ ಗೊತ್ತಿದ್ದು ಕೇಳಿದ್ರೆ, ಒಂದು ಹಾಲ್ ತುಂಬಾ ಜನ ಆ ಪದಕ್ಕೆ ಅಷ್ಟು ಹೊತ್ತು ನಗೋದು ಕೇಳೋಕಾಗಲ್ಲ. ಸಿನಿಮಾ ಬಂದ ಮೂರು ವರ್ಷಕ್ಕೆ, 2012ರ ಡಿಸೆಂಬರ್ 16ಕ್ಕೆ, ಅದೇ ದೆಹಲೀಲಿ ನಿರ್ಭಯಾ ಘಟನೆ ಆಯ್ತು. ಹುಡುಗೀರಾಗಿ ನಾವು ಸಂಜೆ 7ಕ್ಕೆ ಪಿಜಿ ಗೇಟ್ ಒಳಗಿರೋದು ಯಾವ ಪದದ ಭಯಕ್ಕೋ, ಅದೇ ಪದ ಇಲ್ಲಿ ಪಂಚ್‌ಲೈನ್.

ಇದೊಂದು ಕಾರಣ. ಆದ್ರೆ ರೂಮು ಮೌನ ಆಗಿದ್ದು ಇದಕ್ಕೆ ಮಾತ್ರ ಅಲ್ಲ.

5/9

ನಮ್ಮ ರೂಮಿನ ನಾಲ್ಕು ಜನದಲ್ಲಿ ಒಬ್ಳ ಬಗ್ಗೆ ಹೇಳ್ತೀನಿ. ಹೆಸರು ಹಾಕಲ್ಲ. ಅವಳ ಪರ್ಮಿಷನ್ ತಗೊಂಡು, ಅವಳಿಗೆ ಓದಿಸಿ ಆಮೇಲೆ ಹಾಕ್ತಿದೀನಿ.

ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ನಾನೂ ಅಷ್ಟೇ. ಪಿಯುಸಿ ಕಾಮರ್ಸ್‌ಗೆ ಬಂದಾಗ ಒಂದೇ ದಿನದಲ್ಲಿ 'ಖರ್ಚು' ಹೋಗಿ 'ಎಕ್ಸ್‌ಪೆಂಡಿಚರ್' ಬಂತು, 'ಸಾಲ' ಹೋಗಿ 'ಲಯಬಿಲಿಟಿ' ಬಂತು. ಡೆಬಿಟ್ ದ ರಿಸೀವರ್, ಕ್ರೆಡಿಟ್ ದ ಗಿವರ್ ಅನ್ನೋದನ್ನ ನಾವು ಮಗ್ಗಿ ಥರ ಹೇಳ್ಕೊಂಡು ಓಡಾಡ್ತಿದ್ವಿ. ಅರ್ಥ ಆಗೋಕೆ ಆರು ತಿಂಗಳು ಬೇಕಾಯ್ತು.

ಹೋದ ಸೆಮಿಸ್ಟರಲ್ಲಿ ಅವಳಿಗೆ ಸೆಮಿನಾರ್ ಬಂತು. ಟಾಪಿಕ್ ಜಿಎಸ್‌ಟಿ, ಅದರಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಇಂಗ್ಲಿಷಲ್ಲೇ ಮಾಡ್ಬೇಕು. ಎರಡು ಪೇಜ್ ಬರ್ಕೊಂಡು ಒಂದು ವಾರ ಟೆರೇಸ್ ಮೇಲೆ ನಡೀತಾ ಉರು ಹೊಡೆದ್ಲು. ನೀರಿನ ಟ್ಯಾಂಕಿಗೆ ಸೆಮಿನಾರ್ ಕೊಡ್ತಿದ್ಲು.

ಆ ದಿನ ಚೆನ್ನಾಗೇ ಶುರು ಮಾಡಿದ್ಲು. ಒಂದು ನಿಮಿಷ ಆದ್ಮೇಲೆ ಪ್ರೊಜೆಕ್ಟರ್ ಕೈ ಕೊಡ್ತು, ಯಾರೋ ಎದ್ದು ವೈರ್ ಅಲ್ಲಾಡ್ಸಿದ್ರು. ಅಷ್ಟೇ, ಅವಳಿಗೆ ಲೈನ್ ತಪ್ಪೋಯ್ತು. ಉರು ಹೊಡೆದೋರಿಗೆ ಗೊತ್ತು, ಲೈನ್ ತಪ್ಪಿದ್ರೆ ಮಧ್ಯದಿಂದ ಎತ್ಕೊಳೋಕಾಗಲ್ಲ, ಮೊದಲಿಂದಾನೇ ಬರಬೇಕು. ಅವಳು ಮೊದಲಿಂದ ಬಂದ್ಲು, "ಗುಡ್ ಮಾರ್ನಿಂಗ್ ಟು ಒನ್ ಅಂಡ್ ಆಲ್." ಕ್ಲಾಸ್ ನಕ್ಕಿತು. ನಗು ಕೇಳಿ ಮತ್ತೆ ತಪ್ತು. ಮತ್ತೆ "ಗುಡ್ ಮಾರ್ನಿಂಗ್." ಮೂರನೇ ಸಲಕ್ಕೆ ಮೇಡಂ ಕೂಡ ಬಾಯಿಗೆ ಕೈ ಅಡ್ಡ ಇಟ್ಕೊಂಡ್ರು.

ಅವತ್ತಿಂದ ಅವಳ ಹೆಸರು 'ಗುಡ್ ಮಾರ್ನಿಂಗ್'. ಮಧ್ಯಾಹ್ನ ಮೂರು ಗಂಟೆಗೆ ಕಾರಿಡಾರಲ್ಲಿ ಸಿಕ್ಕಿದ್ರೂ ಗುಡ್ ಮಾರ್ನಿಂಗ್. ವಾಟ್ಸಾಪ್‌ನಲ್ಲಿ ಸ್ಟಿಕರ್ ಕೂಡ ಬಂತು.

ಆ ಸ್ಟಿಕರ್ ಮಾಡಿದ್ದು ನಾನು.

6/9

ಈಗ ಅರ್ಥ ಆಯ್ತಲ್ಲ, ಚತುರ್ ಸ್ಟೇಜ್ ಹತ್ತಿದಾಗ ನಮ್ಮ ರೂಮಲ್ಲಿ ಯಾಕೆ ಯಾರೂ ನಗ್ಲಿಲ್ಲ ಅಂತ. ಅವಳು ಪಕ್ಕದಲ್ಲೇ ಕೂತಿದ್ಲು, ಮಂಡಕ್ಕಿ ಪೊಟ್ಟಣ ಅವಳ ಕೈಲೇ ಇತ್ತು.

ಸೀನ್ ಮುಗಿದ್ಮೇಲೆ ಅವಳು ಒಂದೇ ಮಾತು ಹೇಳಿದ್ಲು. "ಪಾಪ, ಯಾರ ಹತ್ರನಾದ್ರೂ ಒಂದ್ಸಲ ಅರ್ಥ ಕೇಳ್ಬೇಕಿತ್ತು." ಸ್ವಲ್ಪ ಹೊತ್ತು ಬಿಟ್ಟು ಅವಳೇ, "ಕೇಳಿದ್ರೂ ನಗ್ತಿದ್ರು ಬಿಡು."

ನಂಗೆ ತಾಗಿದ್ದು ಆ ಎರಡನೇ ಮಾತು.

ನಮಗೆ ಆ ಸಿನಿಮಾ ಕಲಿಸಿದ ಪಾಠ ಏನು? ಉರು ಹೊಡೀಬೇಡ, ಅರ್ಥ ಮಾಡ್ಕೊ. ಒಳ್ಳೇ ಪಾಠನೇ. ರಾಂಚೋ ಆ ಭಾಷಣ ಬದಲಾಯಿಸೋದೂ ರಾಜುಗೆ ಅದನ್ನ ತೋರ್ಸೋಕೇ. ಆದ್ರೆ ಅವನು ಒಂದು ಪ್ರಶ್ನೆ ಕೇಳಲ್ಲ. ಚತುರ್ ಯಾಕೆ ಉರು ಹೊಡೆದ? ಸೋಮಾರಿ ಅಂತಾನಾ? ದಡ್ಡ ಅಂತಾನಾ? ಆ ಹಾಲ್‌ನ ಭಾಷೆ ಅವನದ್ದಲ್ಲ, ಅದಕ್ಕೆ. ಪರೀಕ್ಷೆಗೆ ಉರು ಹೊಡೆಯೋದು ಬೇರೆ. ಬರದೇ ಇರೋ ಭಾಷೇಲಿ ಎದ್ದು ನಿಂತು ಮಾತಾಡು ಅಂದ್ರೆ ಮನುಷ್ಯಂಗೆ ಇರೋ ದಾರಿ ಒಂದೇ, ಬಾಯಿಪಾಠ. ರಾಂಚೋ ಮನಸ್ಸಿಗೆ ಬಂದಂಗೆ ತಮಾಷೆಯಾಗಿ ಮಾತಾಡ್ಬಹುದು, ಯಾಕಂದ್ರೆ ಅದು ಅವನ ಮನೆ ಮಾತು.

ಇದೇ ಸಿನಿಮಾನ 2012ರಲ್ಲಿ ಶಂಕರ್ ತಮಿಳಲ್ಲಿ 'ನನ್ಬನ್' ಅಂತ ಮಾಡಿದ್ರು. ಭಾಷಣದ ಸೀನ್ ಅಲ್ಲೂ ಇದೆ. ಅಲ್ಲಿ ಜೋಕ್ ಆಗೋನು ತಮಿಳು ಸರಿಯಾಗಿ ಬರದವನು. ಅಂದ್ರೆ ಹಿಂದಿ ಹಾಲಲ್ಲಿ ಹಿಂದಿ ಬರದವನು, ತಮಿಳು ಹಾಲಲ್ಲಿ ತಮಿಳು ಬರದವನು, ನಮ್ಮ ಸೆಮಿನಾರ್ ಹಾಲಲ್ಲಿ ಇಂಗ್ಲಿಷ್ ಬರದವಳು. ಕಾಮಿಡಿ ಫಾರ್ಮುಲಾ ಒಂದೇ, ಹಾಲ್ ಮಾತ್ರ ಬೇರೆ.

ನಾನು ಐದನೇ ಕ್ಲಾಸಲ್ಲಿ ಮಾಡಿದ್ದೇನು? ಅರ್ಥ ಗೊತ್ತಿಲ್ದೆ, ಮಾಮ ನಕ್ಕ ಅಂತ ನಕ್ಕೆ. ಚತುರ್ ಅರ್ಥ ಗೊತ್ತಿಲ್ದೆ ಮಾತಾಡ್ದ, ನಾನು ಅರ್ಥ ಗೊತ್ತಿಲ್ದೆ ನಕ್ಕೆ. ಹಿಂದಿ ಇಬ್ರಿಗೂ ಬರ್ತಿರ್ಲಿಲ್ಲ. ಆದ್ರೂ ನಾನು ಹಾಲ್ ಕಡೆ ಕೂತೆ, ಅವನ ಕಡೆ ಅಲ್ಲ.

7/9

ಇಲ್ಲಿಗೆ ಕಾಮೆಂಟಲ್ಲಿ ಏನ್ ಬರುತ್ತೆ ಅಂತ ನಂಗೊತ್ತು. "ಚತುರ್ ಒಳ್ಳೆಯವನೇನಲ್ಲ, ಓವರ್ ಸೆಂಟಿಮೆಂಟ್ ಬೇಡ."

ನಿಜ. ಚತುರ್ ಒಳ್ಳೆಯವನಲ್ಲ. ಪರೀಕ್ಷೆ ಹಿಂದಿನ ರಾತ್ರಿ ಬೇರೆಯೋರ ಓದು ಕೆಡಲಿ ಅಂತ ಬಾಗಿಲ ಕೆಳಗೆ ಕೆಟ್ಟ ಪುಸ್ತಕ ತಳ್ಳಿ ಬರ್ತಾನೆ. ಡೈರೆಕ್ಟರ್‌ಗೆ ಬೆಣ್ಣೆ ಹಚ್ತಾನೆ. ಹತ್ತು ವರ್ಷ ಆದ್ಮೇಲೂ ಮನೆ, ಕಾರು, ಈಜುಕೊಳದ ಫೋಟೋ ತೋರ್ಸೋಕೆ ಬರ್ತಾನೆ. ಅದಕ್ಕೆಲ್ಲ ಅವನ ಮೇಲೆ ನಗೋಣ, ನಾನೂ ನಗ್ತೀನಿ. ಆದ್ರೆ ಭಾಷಣದ ಸೀನಲ್ಲಿ ನಾವು ನಗೋದು ಅವನ ಕೆಟ್ಟತನಕ್ಕಲ್ಲ. ಅವನಿಗೆ ಆ ಭಾಷೆ ಬರಲ್ಲ ಅನ್ನೋದಕ್ಕೆ. ಎರಡನ್ನೂ ಒಂದೇ ಚೀಲಕ್ಕೆ ಹಾಕ್ಬಾರ್ದು.

ಇನ್ನೂ ಒಂದು ಕಡೆ ಹಿಂಗೇ ಆಗುತ್ತೆ. ರಾಜು ಮನೆ. ಹಾಸಿಗೆ ಹಿಡಿದ ಅಪ್ಪ, ಬೆಂಡೆಕಾಯಿ ಕಿಲೋಗೆ 12 ರೂಪಾಯಿ ಆಯ್ತು ಅಂತ ಅಳೋ ಅಮ್ಮ, ಮಾರುತಿ 800 ಕೊಡೋಕಾಗ್ದೆ ಮದುವೆ ನಿಂತಿರೋ ಅಕ್ಕ. ಇಷ್ಟನ್ನೂ ಹಳೇ ಸಿನಿಮಾ ಥರ ಕಪ್ಪು ಬಿಳುಪಲ್ಲಿ ತೋರ್ಸಿ ನಗಿಸ್ತಾರೆ. ಕಾಮರ್ಸ್ ಓದಿದ್ಮೇಲೆ ಗೊತ್ತಾಗುತ್ತೆ, ಆ ಅಮ್ಮ ಹೇಳ್ತಿರೋದು ಹಣದುಬ್ಬರ. ನಮ್ಮಮ್ಮ ದಿನಾ ಹೇಳೋದೂ ಅದೇ, ಟೊಮ್ಯಾಟೊ ರೇಟ್ ಇಟ್ಕೊಂಡು. ಅದಕ್ಕೆ ನಮ್ಮ ಸಿಲಬಸ್ಸಲ್ಲಿ ಒಂದು ಪೂರ್ತಿ ಯೂನಿಟ್ ಇದೆ.

ರಾಂಚೋ ಬಗ್ಗೆಯೂ ಒಂದು ಮಾತು. ಮಾರ್ಕ್ಸ್, ಡಿಗ್ರಿ ಹಿಂದೆ ಓಡ್ಬೇಡ ಅಂತ ಸಿನಿಮಾ ಪೂರ್ತಿ ಹೇಳೋ ಅವನು ನಿಜದಲ್ಲಿ ಯಾರು? ಸಾಹುಕಾರರ ಮನೆ ತೋಟದಲ್ಲಿ ಕೆಲ್ಸ ಮಾಡೋರ ಅನಾಥ ಮಗು. ಓದೋ ಆಸೆಗೆ ಯೂನಿಫಾರ್ಮ್ ಹಾಕ್ಕೊಂಡು ಸಿಕ್ಕ ಕ್ಲಾಸಲ್ಲಿ ಕೂರ್ತಿದ್ದ. ಸಾಹುಕಾರ ಓದಿಸಿದ್ದು ತನ್ನ ಮಗನ ಹೆಸರಲ್ಲಿ ಡಿಗ್ರಿ ಬರ್ಲಿ ಅಂತ. ಆ ಸರ್ಟಿಫಿಕೇಟ್ ನೇತಾಡ್ತಿರೋದು ಸಾಹುಕಾರನ ಮಗನ ಗೋಡೇಲಿ. ಡಿಗ್ರಿಗೆ ಬೆಲೆನೇ ಇಲ್ಲ ಅಂದ್ರೆ ಅವರು ಅಷ್ಟು ಖರ್ಚು ಮಾಡಿದ್ದು ಯಾಕೆ? ಬಡವನಿಗೆ ಆ ಗೇಟ್ ದಾಟೋಕೆ ಇನ್ನೊಬ್ಬನ ಹೆಸರು ಬೇಕಾಯ್ತು. ಚಿಕ್ಕೋಳಿದ್ದಾಗ ಇದು ಸಸ್ಪೆನ್ಸ್ ಥರ ಕಾಣ್ತು. ಈಗ ಇಡೀ ಸಿನಿಮಾದಲ್ಲಿ ತುಂಬಾ ನೋವಾಗೋ ಜಾಗ ಇದೇ ಅನ್ಸುತ್ತೆ.

8/9

ಈಗ ಮಷೀನ್ ಸೀನಿಗೆ ವಾಪಸ್ ಬರೋಣ.

ಸೆಮಿನಾರ್ ಆಗಿ ಮೂರು ವಾರಕ್ಕೆ ಇಂಟರ್ನಲ್ಸ್ ಇತ್ತು. ಹಿಂದಿನ ರಾತ್ರಿ 11 ಗಂಟೆ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ನಂಗೆ ತಲೆಗೇ ಹತ್ತುತ್ತಿಲ್ಲ. ಪುಸ್ತಕದಲ್ಲಿ ಒಂದು ವಾಕ್ಯ ಐದು ಸಾಲು ಇದೆ. ನಾನು ಅದನ್ನ ಉರು ಹೊಡೀತಾ ಇದ್ದೆ. ಹೌದು, ನಾನೇ, ಸ್ಟಿಕರ್ ಮಾಡಿದವಳೇ.

ಅವಳು ಕೇಳಿಸ್ಕೊಂಡು ಕೇಳಿಸ್ಕೊಂಡು ಸಾಕಾಗಿ ಎದ್ದು ಕೂತ್ಲು. ಕನ್ನಡದಲ್ಲಿ ಶುರು ಮಾಡಿದ್ಲು.

"ನಿಮ್ಮೂರ ಬಟ್ಟೆ ಅಂಗಡಿಯೋನು ಹೋಲ್‌ಸೇಲಲ್ಲಿ 1000 ರೂಪಾಯಿ ಸೀರೆ ತಂದ ಅಂದ್ಕೊ. ಲೆಕ್ಕಕ್ಕೆ ಟ್ಯಾಕ್ಸ್ 5 ಪರ್ಸೆಂಟ್ ಇಟ್ಕೊ. 50 ರೂಪಾಯಿ ಟ್ಯಾಕ್ಸ್ ಅವನು ಆಗ್ಲೇ ಕೊಟ್ಟಿದಾನೆ. ಬಿಲ್ ಇಟ್ಕೊಂಡಿದಾನೆ. ಅದೇ ಸೀರೆನ ನಿಮ್ಮಮ್ಮಂಗೆ 1600ಕ್ಕೆ ಮಾರ್ದ. ನಿಮ್ಮಮ್ಮನ ಹತ್ರ 80 ರೂಪಾಯಿ ಟ್ಯಾಕ್ಸ್ ಇಸ್ಕೊಂಡ. ಈಗ ಸರ್ಕಾರಕ್ಕೆ 80 ಪೂರ್ತಿ ಕಟ್ತಾನಾ? ಇಲ್ಲ. 50 ಆಗ್ಲೇ ಕೊಟ್ಟಿದೀನಿ ನೋಡಿ ಅಂತ ಹಳೇ ಬಿಲ್ ತೋರ್ಸಿ ಅದನ್ನ ಕಳ್ದು 30 ಕಟ್ತಾನೆ. ಆ 50 ಇದೆಯಲ್ಲ, ಅದೇ ಕ್ರೆಡಿಟ್. ಕೊನೆಗೆ 80ನ್ನ ಹೊತ್ಕೊಂಡಿದ್ದು ಯಾರು? ನಿಮ್ಮಮ್ಮ. ಅದಕ್ಕೇ ಬಿಲ್ ಇಲ್ದೆ ಮಾಲು ತಂದ್ರೆ ಅಂಗಡಿಯೋನಿಗೇ ಲಾಸು. ಟ್ಯಾಕ್ಸ್ ಮೇಲೆ ಟ್ಯಾಕ್ಸ್ ಬೀಳ್ಬಾರ್ದು ಅಂತ 2017ರ ಜುಲೈ 1ಕ್ಕೆ ಇದನ್ನೆಲ್ಲ ತಂದಿದ್ದು. ಅರ್ಥ ಆಯ್ತಾ, ಮಲ್ಕೊಳ್ಲಾ?"

ನಾಲ್ಕು ನಿಮಿಷ. ಅಷ್ಟೇ. ಇಂಟರ್ನಲ್ಸಲ್ಲಿ ಆ ಪ್ರಶ್ನೆ ಬಂತು. ನಂಗೆ 20ಕ್ಕೆ 17.

ಇದು ರಾಂಚೋ ಮಷೀನ್ ಅಂದ್ರೆ ಏನು ಅಂತ ಹೇಳಿದ್ದಲ್ದೆ ಇನ್ನೇನು? ಪ್ಯಾಂಟಿನ ಜಿಪ್ಪಿನ ಬದಲು ಸೀರೆ ಅಷ್ಟೇ. ಸಿನಿಮಾ ನಮಗೆ ಹೇಳುತ್ತೆ, ರಾಂಚೋ ಬೇರೆ ಜಾತಿ ಮನುಷ್ಯ, ಚತುರ್ ಬೇರೆ ಜಾತಿ ಮನುಷ್ಯ ಅಂತ. ನಮ್ಮ ರೂಮಲ್ಲಿ ಇಬ್ರೂ ಒಂದೇ ಹುಡುಗಿ. ಇಂಗ್ಲಿಷಲ್ಲಿ ನಿಲ್ಸಿದ್ರೆ ಚತುರ್, ಕನ್ನಡದಲ್ಲಿ ಕೂರ್ಸಿದ್ರೆ ರಾಂಚೋ. ಕ್ಲಾಸಲ್ಲಿ 60 ಜನ ಮೊದಲನೆಯವಳನ್ನ ಮಾತ್ರ ನೋಡಿದಾರೆ.

9/9

ಕೊನೆ ಪೋಸ್ಟ್. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಬೇಕೇ ಬೇಕು. ನಾಳೆ ಆರ್ಟಿಕಲ್‌ಶಿಪ್‌ಗೆ ಹೋದ್ರೂ, ಬ್ಯಾಂಕ್ ಇಂಟರ್‌ವ್ಯೂಗೆ ಹೋದ್ರೂ ಯಾರೂ ಬಿಡಲ್ಲ. ಅವಳೂ ಕಲೀತಿದಾಳೆ, ನಾನೂ ಕಲೀತಿದೀನಿ. ಆದ್ರೆ ತಪ್ಪು ತಪ್ಪಾಗಿ ಮಾತಾಡದೆ ಯಾವ ಭಾಷೆಯೂ ಬರಲ್ಲ. ತಪ್ಪು ಮಾತಾಡಿದ ತಕ್ಷಣ ನಗೋ ಕ್ಲಾಸಲ್ಲಿ ಯಾರೂ ತಪ್ಪು ಮಾತಾಡೋ ಧೈರ್ಯ ಮಾಡಲ್ಲ. ಆಗ ಉಳಿಯೋದು ಉರು ಹೊಡೆಯೋದೊಂದೇ. ಅಂದ್ರೆ ಚತುರ್‌ಗಳನ್ನ ತಯಾರು ಮಾಡ್ತಿರೋದು ಬರೀ ಮೇಷ್ಟ್ರು, ಸಿಲಬಸ್ ಅಲ್ಲ. ಬೆಂಚಲ್ಲಿ ಕೂತು ನಗೋ ನಾವೂ.

ಸೋ ನಮ್ಮ ಸೆಕ್ಷನ್‌ನೋರಿಗೆ ಎರಡು ರಿಕ್ವೆಸ್ಟ್.

ಒಂದು, ಮುಂದಿನ ಸೆಮಿನಾರಿಂದ ಯಾರಾದ್ರೂ ಲೈನ್ ತಪ್ಪಿದ್ರೆ ನಗೋ ಬದಲು "ಕನ್ನಡದಲ್ಲಿ ಹೇಳು, ಪರ್ವಾಗಿಲ್ಲ" ಅಂತ ಒಬ್ರು ಹೇಳಿ. ಒಬ್ರು ಸಾಕು.

ಎರಡು, ಸೆಮಿನಾರ್ ಕೊನೆಗೆ ಎರಡು ನಿಮಿಷ ಕನ್ನಡದಲ್ಲಿ ವಿವರಿಸೋಕೆ ಬಿಡಿ ಅಂತ ಮೇಡಂ ಹತ್ರ ಕೇಳೋಣ ಅಂತಿದೀನಿ. ಸೋಮವಾರ ಬೆಳಗ್ಗೆ ಸ್ಟಾಫ್ ರೂಮಿಗೆ ಹೋಗ್ತೀನಿ. ನನ್ನ ಜೊತೆ ಯಾರ್ ಬರ್ತೀರ? ಒಬ್ಳೇ ಹೋದ್ರೆ ನಂಗೂ ಲೈನ್ ತಪ್ಪುತ್ತೆ.

ಹೊರಗಿನ ಫಾಲೋವರ್ಸ್‌ಗೆ ಒಂದು ಪ್ರಶ್ನೆ. ಚಿಕ್ಕೋರಿದ್ದಾಗ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ ಸಿನಿಮಾನ ಈಗ ಮತ್ತೆ ನೋಡಿದೀರಾ? ಯಾವ ಸೀನಿಗೆ ನಗು ನಿಂತೋಯ್ತು? ಕಾಮೆಂಟ್ ಮಾಡಿ. ಸಿನಿಮಾನ ಬಿಟ್ಟಾಕಿ ಅಂತ ಹೇಳ್ತಿಲ್ಲ. ಇಷ್ಟ ಇರೋ ಸಿನಿಮಾನೇ ಮತ್ತೆ ನೋಡಿ. ನಮ್ಮ ಓಣಿಯ 'ಚತುರ್'ಗೆ ನಾನೂ ಮೊನ್ನೆ ಮೆಸೇಜ್ ಮಾಡ್ದೆ. ಅವನಿಗೆ ಆ ಹೆಸರು ಚೆನ್ನಾಗಿ ನೆನಪಿದೆ ಅಂತೆ.

ಸ್ಟಿಕರ್ ಡಿಲೀಟ್ ಮಾಡಿದೀನಿ. ನಿಮ್ಮ ಫೋನಲ್ಲಿ ಇದ್ರೆ ನೀವೂ ಮಾಡಿ, ಪ್ಲೀಸ್. ಶನಿವಾರ ರಾತ್ರಿ ಸಿನಿಮಾ ಮುಗಿದ್ಮೇಲೆ ಅವಳಿಗೆ ಸಾರಿ ಕೇಳ್ದೆ. ಆ ಸ್ಟಿಕರ್ ಮಾಡಿದ್ದು ನಾನು ಅಂತ ಅವಳಿಗೆ ಮೊದಲಿಂದಾನೇ ಗೊತ್ತಿತ್ತಂತೆ. ಗೊತ್ತಿದ್ದೂ ಆ ರಾತ್ರಿ ಎದ್ದು ಕೂತು ಪಾಠ ಹೇಳ್ಕೊಟ್ಟಿದ್ಲು. ನಂಗೆ ಮಾತೇ ಬರ್ಲಿಲ್ಲ. ಅವಳೇ ಅಂದ್ಲು, "ಸಾರಿ ನೀನೇ ಇಟ್ಕೊ, ಮಂಡಕ್ಕಿ ದುಡ್ಡು ಕೊಡು."

ಕೊಟ್ಟಿದೀನಿ. 40 ರೂಪಾಯಿ. ಬಿಲ್ ಇಲ್ಲ.

#ತ್ರೀಈಡಿಯಟ್ಸ್ #ಮತ್ತೆನೋಡಿದಸಿನಿಮಾ #ಕನ್ನಡಮೀಡಿಯಂ #ಬಿಕಾಂಲೈಫ್